ಮಾಳಿಗೆಯ ಪೈಪಿನಲ್ಲಿ ಸಿಕ್ಕ ಖಣ

ಬೈಲಹೊಂಗಲದ ನಮ್ಮ ಮನೆಯ ಚಾವಣಿ ಹೋದ ಬೇಸಿಗೆಯಲ್ಲಿ ಸೋರಿತು. ಒಂದೇ ಅಡ್ಡಮಳೆಗೆ ಪಡಸಾಲೆಯ ನೆತ್ತಿಯ ಮೇಲೆ ಚಹಾ ಚೆಲ್ಲಿದಂಥ ಕಲೆ ಬಿತ್ತು, ಗಿಲಾವು ಉಬ್ಬಿ ಸೋಫಾದ ಮೇಲೆ ಉದುರಿತು. ನಮ್ಮ ಅತ್ತೆ ಕಲೆಯನ್ನು ಒಂದು ಸಲ ನೋಡಿ ತೀರ್ಪು ಕೊಟ್ಟೇಬಿಟ್ಟರು.

“ಗೌಂಡಿ ಸಿಮೆಂಟ ನುಂಗ್ಯಾನ. ಬರೇ ಉಸುಕ ಹಾಕ್ಯಾನ.”

ಮನೆ ಕಟ್ಟಿಕೊಟ್ಟ ಗೌಂಡಿ ನೇಸರಗಿಯವನು. ಎದುರು ಮನೆಯವರೂ ತಮ್ಮ ಹೊಸ ಮನೆಯ ಕೆಲಸ ಅವನಿಗೇ ಕೊಡುವವರಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಉಪ್ಪುಖಾರ ಹಚ್ಚಿ ಹೇಳಿದ್ದನ್ನು ಕೇಳಿ ಎದುರು ಮನೆಯಾಕೆ ಬೇರೆ ಗೌಂಡಿಯನ್ನು ಹುಡುಕತೊಡಗಿದರು. ಸುದ್ದಿ ಮುಟ್ಟಿದ್ದೇ ತಡ, ಇವನು ಓಡಿಬಂದ.

“ಅವ್ವಾರ, ನನ್ನ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ?”

ಎದುರು ಮನೆಯಾಕೆಯ ಮುಂದೆಯೇ ಅತ್ತೆ ಅವನನ್ನು ಅಂಗಳದಲ್ಲಿ ನಿಲ್ಲಿಸಿ ಬೈದರು, ಕೂಡು ಎಂದು ಸಹ ಹೇಳಲಿಲ್ಲ. ನನಗೆ ಪಾಪ ಅನಿಸಿತು, ಸಿಟ್ಟೂ ಬಂತು. ಬೈಗುಳ ಮುಗಿಯುವ ಹಾಗೆ ಕಾಣಲಿಲ್ಲವಾದ್ದರಿಂದ ನಾನೇ ಮಾಳಿಗೆ ಹತ್ತಿದೆ.

ಮೇಲೆ ಪಾದ ಮುಳುಗುವಷ್ಟು ನೀರು ಇನ್ನೂ ನಿಂತಿತ್ತು. ನೀರು ಹೋಗುವ ಪೈಪಿನ ಬಾಯಿಗೆ ಕೈ ಹಾಕಿ ಎಳೆದೆ, ಒಂದು ಅರಿವೆ ಬಂತು. ಶ್ಯಾವಿಗೆಗೆಂದು ಗೋದಿ ತೊಳೆದು ಒಣಹಾಕುವಾಗ ಕಾಳು ಪೈಪಿಗೆ ಇಳಿಯದಿರಲಿ ಎಂದು ನಮ್ಮ ಕಡೆ ಹೀಗೆ ಹಳೆಯ ಅರಿವೆ ತುರುಕುತ್ತಾರೆ. ತೆಗೆಯುವುದು ಮರೆತಿತ್ತು, ಅಷ್ಟೇ. ಮಡಿಕೆಯೊಳಗೆ ಗೋದಿ ಮೊಳಕೆ ಬೇರೆ ಒಡೆದಿತ್ತು. ಬಿಚ್ಚಿ ನೋಡಿದರೆ ಅತ್ತೆಯವರ ಹಸಿರು ಖಣದ ಕುಪ್ಪಸ. ಅದನ್ನು ತೊಟ್ಟು ಅವರು ತಿರುಗಾಡದ ಓಣಿಯಿಲ್ಲ.

ಬಾಯಿಬಿಟ್ಟು ಹೇಳಿದರೆ ವರ್ಷವಿಡೀ ನನಗೆ ನೆಮ್ಮದಿಯ ಊಟವಿಲ್ಲ. ಸುಮ್ಮನಿದ್ದರೆ ಗೌಂಡಿಯ ಹೆಸರು ಮಣ್ಣುಪಾಲು. ಕೆಳಗಿಳಿದವಳೇ ಕುಪ್ಪಸವನ್ನು ಹಿಂಡಿ, ಮೊಳಕೆ ಸಮೇತ, ಕಟ್ಟೆಯ ಮುಂದಿನ ತಂತಿಯ ಮೇಲೆ ನೀಟಾಗಿ ಹರವಿದೆ.

“ಅದೆಲ್ಲಿತ್ತವಾ?” ಎಂದು ಎದುರು ಮನೆಯಾಕೆ ಕೇಳಿದರು.

“ಮಾಳಗಿ ಪೈಪಿನ್ಯಾಗ ಸಿಕ್ತ್ರಿ.”

ಅತ್ತೆ ತಂತಿಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗೌಂಡಿಯ ಕಡೆ ತಿರುಗಿದರು.

“ನಿಂತ ಬಿಟ್ಟೆಲ್ಲೋ ತಮ್ಮಾ, ಕುಂಡ್ರು. ಚಾ ಕುಡದ ಹೋಗು.” ಎದುರು ಮನೆಯಾಕೆಗೆ ಹೇಳಿದರು: “ಹುಡುಗನ ಕೆಲಸ ಚಲೋ ಐತ್ರಿ. ಮಳೀನ ಹುಚ್ಚ ಹಿಡದಂಗ ಬಂತು.”

ಎದುರು ಮನೆಯ ಕೆಲಸ ಅವನಿಗೇ ಸಿಕ್ಕಿತು. ನಮ್ಮ ಚಾವಣಿಯ ಗಿಲಾವನ್ನೂ ಸರಿಮಾಡಿಕೊಟ್ಟ. ಅತ್ತೆಗೆ ಬುದ್ಧಿ ಬಂತೆಂದು ನಾನು ಒಳಗೊಳಗೇ ಬೀಗಿದೆ.

ಈ ವರ್ಷವೂ ಅತ್ತೆ ಗೋದಿ ಒಣಹಾಕಿದರು, ಒಣಗಿದ ಮೇಲೆ ಕೆಳಗೆ ತಂದರು. ನಿನ್ನೆ ಮೋಡ ಕವಿದದ್ದು ಕಂಡು ನಾನು ಮಾಳಿಗೆಗೆ ಓಡಿ ಪೈಪಿಗೆ ಕೈ ಹಾಕಿದೆ. ಬಂದದ್ದು ನನ್ನ ಕೆಂಪು ಖಣದ ಕುಪ್ಪಸ, ಅದೂ ಹೊಸದು.