ಆಚೆ ದಂಡೆಯ ಠಸ್ಸೆ ಮತ್ತು ಚೀಟಿ ಪಾಲಯ್ಯ

ಸಿರುಗುಪ್ಪದ ಬಳಿಯ ತುಂಗಭದ್ರೆಯ ಕಡವಿನಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ನಾಲ್ಕು ದೊಡ್ಡ ಹರಿಗೋಲುಗಳು ಮರಳಿನ ಮೇಲೆ ಬೋರಲು ಬಿದ್ದಿವೆ. ಅವುಗಳಲ್ಲೊಂದಕ್ಕೆ ಬೆನ್ನು ಕೊಟ್ಟು, ತೊಡೆಯ ಮೇಲೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಪಾಲಯ್ಯ ಕೂತಿದ್ದಾರೆ. ಕುರುಗೋಡಿನಿಂದ ಬಂದ ಜಡೆಮ್ಮ ಎಂಬ ಮುದುಕಿಯ ವಯಸ್ಸನ್ನು ಹುಡುಕುವ ಕೆಲಸ ನಡೆದಿದೆ.

"ವಯಸ್ಸು ಎಷ್ಟಬೇ?"

"ನೀನಾ ನೋಡಿ ಬರಕೋ."

"ನೋಡಿ ಬರದ್ರ ನಿನಗ ಸಿಟ್ಟು ಬರತೈತಿ. ದೊಡ್ಡ ಪ್ಲೇಗು ಬಂದಾಗ ಏನು ಮಾಡ್ತಿದ್ದಿ?"

"ಎಮ್ಮಿ ಕಾಯ್ತಿದ್ದೆ."

ಎಮ್ಮೆ ಕಾಯಬೇಕಾದರೆ ಎಂಟು ವರ್ಷವಾದರೂ ಆಗಿರಬೇಕು. ಪಾಲಯ್ಯ ಬೆರಳು ಮಡಚುತ್ತಾರೆ. ಐವತ್ತೇಳು ಎನ್ನುತ್ತಾರೆ. ಜಡೆಮ್ಮ ನಲವತ್ತಕ್ಕೆ ಕೇಳುತ್ತಾಳೆ. ಸಂತೆಯಲ್ಲಿ ಬದನೆಕಾಯಿಗೆ ನಡೆಯುವಷ್ಟೇ ಚೌಕಾಸಿ ನಡೆದು ಕೊನೆಗೆ ಚೀಟಿಯ ಮೇಲೆ ಐವತ್ತು ಬೀಳುತ್ತದೆ. ಪಾಲಯ್ಯ ಮಸಿ ಊದಿ ಒಣಗಿಸಿ ಚೀಟಿಯನ್ನು ಪೆಟ್ಟಿಗೆಗೆ ಸೇರಿಸುತ್ತಾರೆ. "ಮುಂದಿನೋರು ಬರ್ರಿ."

ಈ ಮಂದಿಯೆಲ್ಲ ಹೊಳೆಯಾತ್ರೆಗೆ ಬಂದವರು. ಕುರುಗೋಡಿನ ಗುತ್ತಿಗೆದಾರ ಮರಿಬಸಪ್ಪ ಹೋದ ವರ್ಷದಿಂದ ಈ ಯಾತ್ರೆ ನಡೆಸುತ್ತಿದ್ದಾರೆ. ಬಳ್ಳಾರಿಯ ಕೌಲ್ ಬಜಾರಿನಿಂದಲೂ ಕುರುಗೋಡಿನಿಂದಲೂ ಜನ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಕೆಮ್ಮುತ್ತ ಬಂದು ಸೇರುತ್ತಾರೆ. ಆಮೇಲೆ ಮೂರು ದಿನ ಹರಿಗೋಲಿನಲ್ಲಿ ಹೊಳೆಯಗುಂಟ ಕೆಳಗೆ ಪಯಣ. ನಡುನಡುವೆ ಒಮ್ಮೆ ಈ ದಂಡೆಗೆ, ಒಮ್ಮೆ ಆಚೆ ದಂಡೆಗೆ ಇಳಿದು ಗುಡಿ, ದರ್ಗಾ ನೋಡಿ, ಬುತ್ತಿ ಉಂಡು ಮತ್ತೆ ಹತ್ತುವುದು.

ತೊಡಕಿರುವುದು ಆಚೆ ದಂಡೆಯಲ್ಲಿ. ಈ ದಂಡೆ ಮದರಾಸು ಸರ್ಕಾರದ ಬಳ್ಳಾರಿ ಜಿಲ್ಲೆ, ಆ ದಂಡೆ ನಿಜಾಮರ ಸಂಸ್ಥಾನ. ನಡುವಿನ ಮೀನಿಗೆ ಯಾವ ಕಾಗದವೂ ಬೇಡ, ಮನುಷ್ಯರಿಗೆ ಎರಡು ಬೇಕು. ಹೆಸರು, ಊರು, ವಯಸ್ಸು, ಚಹರೆ ಬರೆದ ರಹದಾರಿ ಚೀಟಿ ಒಂದು. ಕಾಲರಾ ಸೂಜಿ ಹಾಕಿಸಿಕೊಂಡ ಚೀಟಿ ಇನ್ನೊಂದು. ಇಳಿಯುವಾಗ ದಂಡೆಯ ತನಿಖೆಯ ನಾಕಾದಲ್ಲಿ ಠಸ್ಸೆ ಬೀಳಬೇಕು, ಹತ್ತುವಾಗ ಮತ್ತೊಂದು ಬೀಳಬೇಕು. ಎರಡೂ ಚೀಟಿಗಳನ್ನು ಎಲ್ಲರಿಂದ ಈಸಿಕೊಂಡು, ಒದ್ದೆಯಾಗದಂತೆ ಕಾದು, ತೋರಿಸಿ, ಯಾರದು ಯಾರಿಗೆಂದು ಮರಳಿಸುವುದು ಪಾಲಯ್ಯನವರ ಉದ್ಯೋಗ.

"ಮೊದಲು ಅವರವರ ಕೈಯಾಗ ಬಿಟ್ಟಿದ್ದೆ" ಎಂದು ನನಗೆ ಹೇಳುತ್ತಾರೆ. "ಒಬ್ಬಾಕಿ ಎಲಿ ಅಡಿಕಿ ಚೀಲದಾಗ ಇಟ್ಟು ಸುಣ್ಣ ಹತ್ತಿಸಿದ್ಲು. ಒಬ್ಬಾತ ಬೀಡಿ ಸುತ್ತಿ ಸೇದಿಬಿಟ್ಟಿದ್ದ. ಹೆಸರು ಸುಟ್ಟಿತ್ತು, ಊರು ಉಳದಿತ್ತು. ಅವತ್ತಿನಿಂದ ಎಲ್ಲಾ ಪೆಟಿಗ್ಯಾಗ."

ಪಾಲಯ್ಯನವರದು ಬಳ್ಳಾರಿ ಹತ್ತಿರದ ಕೊಳಗಲ್ಲು. ಓದಿದ್ದು ಮೂರನೆಯ ಇಯತ್ತೆ, ಆದರೆ ಅಕ್ಷರ ಜೋಳದ ಕಾಳು ಸಾಲಿಗಿಟ್ಟ ಹಾಗೆ. ಹೊಲದ ಕೂಲಿ ಸಾಲದೆ ಕೌಲ್ ಬಜಾರಿಗೆ ಬಂದವರು ಯುದ್ಧದ ಕಾಲದಲ್ಲಿ ಅಂಚೆಕಚೇರಿಯ ಮುಂದೆ ಕೂತು ಸಿಪಾಯಿಗಳ ಮನೆಯವರಿಗೆ ಕಾಗದ ಬರೆದುಕೊಟ್ಟರು. ಕನ್ನಡ, ತೆಲುಗು ಎರಡರಲ್ಲೂ. "ಲಡಾಯಿ ಮುಗೀತು, ಹೋದೋರು ಮನಿಗೆ ಬಂದ್ರು, ಕಾಗದ ಬರಸೋರು ಇಲ್ಲದಂಗಾತು. ಲಡಾಯಿ ಮುಗಿದದ್ದಕ್ಕ ಊರಾಗ ಮಕ ಸಪ್ಪಗ ಮಾಡಿದಾಂವ ನಾನೊಬ್ಬನ." ಅವರ ಕೈಬರಹ ಕಂಡಿದ್ದ ಮರಿಬಸಪ್ಪ ಕರೆದು ಪೆಟ್ಟಿಗೆ ಕೊಟ್ಟರು. ಹೆಂಡತಿ ಉಚ್ಚೆಂಗೆಮ್ಮನಿಗೆ ಇದು ಉದ್ಯೋಗವೆಂದು ಇನ್ನೂ ನಂಬಿಕೆ ಬಂದಿಲ್ಲ. ಮಂದಿಯ ಹೆಸರು ಹೊತ್ತುಕೊಂಡು ತಿರುಗುವವನು ಎಂದು ನೆರೆಯವರಿಗೆ ಹೇಳುತ್ತಾಳಂತೆ.

ಹೋದ ವರ್ಷ ಒಂಬತ್ತು ಯಾತ್ರೆ. ಈ ವರ್ಷದ್ದು ಇದು ಏಳನೆಯದು. ಒಂದೊಂದರಲ್ಲಿ ಹೆಚ್ಚುಕಡಿಮೆ ನಲವತ್ತಾರು ಜನ, ಅಂದರೆ ತೊಂಬತ್ತೆರಡು ಕಾಗದ. ದಿನಕ್ಕೆ ನಾಲ್ಕು ಸಲ ತಲೆ ಎಣಿಕೆ. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ. ಸೂಜಿಯ ದಿನದ ಕಥೆಯೇ ಬೇರೆ. ಕುಸ್ತಿಯಲ್ಲಿ ಹೆಸರು ಮಾಡಿದ ಒಬ್ಬ ಪೈಲ್ವಾನ, ತನ್ನ ಹೆಸರಿಗೆ ಪಾಲಯ್ಯನೇ ಚುಚ್ಚಿಸಿಕೊಳ್ಳಲಿ ಎಂದು ಕಾಲು ಹಿಡಿದಿದ್ದನಂತೆ.

ನಗಿಸುತ್ತ ಮಾತಾಡುವ ಪಾಲಯ್ಯ ಹೋದ ವರ್ಷದ ಸಂಕ್ರಾಂತಿಯ ಮರುವಾರದ ಒಂದು ಸಂಗತಿಗೆ ಬಂದಾಗ ಪೆಟ್ಟಿಗೆಯ ಮುಚ್ಚಳ ಹಾಕುತ್ತಾರೆ. "ಆ ತಪ್ಪು ನಂದಾ" ಎಂದೇ ಶುರು ಮಾಡುತ್ತಾರೆ.

ಅಂದು ಆಚೆ ದಂಡೆಯ ಗುಡಿಗೆ ಹೋದವರಲ್ಲಿ ಹನ್ನೊಂದು ಜನ ಹರಕೆಯ ಮುಡಿ ಕೊಟ್ಟು ಬಂದರು. ಒಂಬತ್ತು ಗಂಡಸರು, ಇಬ್ಬರು ಹೆಂಗಸರು. ಎಲ್ಲರ ತಲೆಯೂ ನುಣ್ಣಗೆ. ಗಂಡಸರು ಮೀಸೆಯನ್ನೂ ದೇವರಿಗೆ ಬಿಟ್ಟಿದ್ದರು. ಪಾಲಯ್ಯ ಅವಸರದಲ್ಲಿ ಚಹರೆಯ ಜಾಗದಲ್ಲಿ ಕೂದಲನ್ನೇ ಬರೆದಿದ್ದರು. ನಾಕಾದ ಜಮಾದಾರರು ಕುರುಗೋಡಿನ ಪಕ್ಕೀರಪ್ಪನ ಚೀಟಿ ಓದಿದರು, ಪಕ್ಕೀರಪ್ಪನನ್ನು ನೋಡಿದರು, ಮತ್ತೆ ಚೀಟಿ ಓದಿದರು.

"ಇದರಾಗ ದಪ್ಪ ಮೀಸಿ, ಉದ್ದ ಜುಟ್ಟು ಅಂತ ಐತಿ. ಈ ಮನಿಷಾ ಸುಲಿದ ಉಳ್ಳಾಗಡ್ಡಿ ಇದ್ದಂಗ ಅದಾನ. ಮೀಸಿಯಾಂವ ಎಲ್ಲಿ?"

"ನಾನಾರಿ ಸಾಹೇಬ್ರ ಆಂವ" ಎಂದ ಪಕ್ಕೀರಪ್ಪ.

"ಎಲ್ಲಾರೂ ಹಂಗಾ ಅಂತಾರ."

ಜಮಾದಾರರು ಕೆಟ್ಟವರಲ್ಲ. ಹಿಂದಿನ ವಾರವಷ್ಟೇ ಬೇರೊಬ್ಬರ ಚೀಟಿಯ ಮೇಲೆ ಯಾರೋ ದಾಟಿದ್ದ, ಮೈಗೆ ಎಂಟು ಸುತ್ತು ರೇಷನ್ ಬಟ್ಟೆ ಸುತ್ತಿ ಕದ್ದು ಸಾಗಿಸಿಕೊಂಡು. ಅದಕ್ಕೆ ಇವರು ಮೇಲಿನವರಿಗೆ ಉತ್ತರ ಹೇಳಬೇಕಾಗಿತ್ತು. ಹನ್ನೊಂದು ಜನರೂ ರಾತ್ರಿ ಇಲ್ಲೇ ಇದ್ದು ನಾಳೆ ತಾಲ್ಲೂಕು ಕಚೇರಿಗೆ ಬರಲಿ ಎಂದರು. ನಾಕಾ ಮುಚ್ಚಲು ಇನ್ನು ಎರಡು ತಾಸೂ ಇರಲಿಲ್ಲ.

ಮುಡಿ ಕೊಟ್ಟ ಇಬ್ಬರು ಹೆಂಗಸರಲ್ಲಿ ವಿರೂಪಮ್ಮ ಒಬ್ಬಳು. ಮದುವೆಯಾದ ಏಳು ವರ್ಷಕ್ಕೆ ಹುಟ್ಟಿದ ಮಗನಿಗಾಗಿಯೇ ಅವಳ ಹರಕೆ. ಆ ಏಳು ತಿಂಗಳ ಮಗ ಈಚೆ ದಂಡೆಯಲ್ಲಿ ಅಜ್ಜಿಯ ಮಡಿಲಲ್ಲಿದ್ದ. ಸೂಜಿ ಹಾಕಿಸದ ಕೂಸಿಗೆ ಚೀಟಿ ಇಲ್ಲ, ಚೀಟಿ ಇಲ್ಲದ ಕೂಸು ದಾಟುವಂತಿಲ್ಲ ಎಂದು ಬಿಡಿಸಿ ಬಂದವರು ಪಾಲಯ್ಯನವರೇ. ಮುಂಜಾನೆ ಕುಡಿದ ಹಾಲು. ಈಗ ಅದು ಅಳುತ್ತಿದ್ದದ್ದು ನೀರಿನ ಮೇಲೆ ಹಾದು ಆಚೆ ದಂಡೆಗೆ ಕೇಳುತ್ತಿತ್ತು. ವಿರೂಪಮ್ಮನ ಕುಪ್ಪಸ ಒದ್ದೆಯಾಗಿತ್ತು. ಅವಳು ಬೈಯಲಿಲ್ಲ. "ಅಣ್ಣಾ, ಏನರ ಮಾಡು" ಎಂದಳು ಅಷ್ಟೆ.

ಪಾಲಯ್ಯ ಮೊದಲು ಗುಡಿಯ ಕ್ಷೌರಿಕನಿಗೆ ಹೇಳಿಕಳಿಸಿದರು. ಅವನು ಕತ್ತಿಯ ಸಮೇತ ಬಂದು ಹನ್ನೊಂದು ಮುಖಗಳನ್ನು ನೋಡಿ ತಲೆ ಕೆರೆದುಕೊಂಡ. "ನಾನು ನೆತ್ತಿ ನೋಡಾಂವ, ಮಕ ನೋಡಂಗಿಲ್ಲ. ಇವೆಲ್ಲಾ ನಾ ಬೋಳಿಸಿದ ತಲಿನಾ ಹೌದು. ಯಾವ ತಲಿಗೆ ಯಾವ ಹೆಸರು ಅಂತ ದೇವರಿಗೆ ಗೊತ್ತು."

ಜಮಾದಾರರಿಗೂ ಆ ಅಳು ಕೇಳುತ್ತಿತ್ತು. ಅವರಿಗೂ ಮನೆಯಲ್ಲಿ ಮಕ್ಕಳಿದ್ದರು. "ಆ ಕೂಸನ್ನ ತರಸು. ತಾಯಿ ಯಾರು ಅಂತ ಅದಾ ಹೇಳಲಿ" ಎಂದರು.

"ಕೂಸಿಗೆ ಚೀಟಿ ಇಲ್ರಿ" ಎಂದು ಪಾಲಯ್ಯನವರ ಬಾಯಿಂದ ಬಂದೇಬಿಟ್ಟಿತು. ಹನ್ನೊಂದು ಬೋಳು ತಲೆಗಳು ಒಟ್ಟಿಗೆ ಅವರ ಕಡೆ ತಿರುಗಿದವು.

ಆಮೇಲೆ ಅವರೇ ಹರಿಗೋಲು ಹತ್ತಿ ಹೋಗಿ ಅಜ್ಜಿಯನ್ನೂ ಕೂಸನ್ನೂ ಕೂರಿಸಿಕೊಂಡು ಬಂದರು. ದಂಡೆಗೆ ಹತ್ತು ಮೊಳ ಇರುವಾಗ, ಮೊಣಕಾಲುದ್ದ ನೀರಲ್ಲಿ ನಿಲ್ಲಿಸಿದರು. "ನಿಮ್ಮ ನೆಲಕ್ಕ ಹತ್ತಿಲ್ರಿ ಸಾಹೇಬ್ರ. ಇದು ಹೊಳಿ." ಜಮಾದಾರರು ಹೊಳೆಯನ್ನು ನೋಡಿದರು, ವಿರೂಪಮ್ಮನಿಗೆ ಹೋಗೆಂದು ಕೈ ಮಾಡಿದರು.

ವಿರೂಪಮ್ಮ ನೀರಿಗೆ ಇಳಿದು ಕೈ ಚಾಚಿದಳು. ಕೂಸು ಅವಳ ಬೋಳು ತಲೆ ನೋಡಿ ಕಿಟ್ಟನೆ ಚೀರಿ ಅಜ್ಜಿಯ ಕೊರಳು ಅವುಚಿಕೊಂಡಿತು. ಪಾಲಯ್ಯ ಕೇಳುತ್ತಾರೆ: "ಸಾಕ್ಷಿ ತಿರುಗಿಬಿದ್ರ ಏನು ಮಾಡಬೇಕು ಹೇಳ್ರಿ."

ವಿರೂಪಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಯಾಕೋ ನನ್ನ ದೊರಿ, ನಾನಾ ಅಲ್ಲೇನೋ" ಎಂದಳು. ಕೂಸು ಅಳು ನಿಲ್ಲಿಸಿತು. ದನಿ ಬಂದ ಕಡೆ ನೋಡಿತು. ಆಮೇಲೆ ಇಡೀ ಮೈ ಅವಳ ಮೇಲೆ ಬೀಳಿಸಿ, ದಿನವೂ ಹಿಡಿದು ಜಗ್ಗುತ್ತಿದ್ದ ಜಡೆಗಾಗಿ ಅವಳ ಬೆನ್ನ ಹಿಂದೆ ಕೈಯಾಡಿಸತೊಡಗಿತು. ಜಡೆ ಸಿಗಲಿಲ್ಲ. ಕುಪ್ಪಸ ಸಿಕ್ಕಿತು.

ಜಮಾದಾರರು ವಿರೂಪಮ್ಮನ ಚೀಟಿಗೆ ಠಸ್ಸೆ ಒತ್ತಿದರು. "ಇನ್ನ ಹತ್ತು ಮಂದಿ. ಇವರಿಗೆಲ್ಲಾ ಎಲ್ಲಿಂದ ತರ್ತೀ ಕೂಸು?"

"ನಮ್ಮವ್ವನ್ನ ಕರಸ್ರಿ, ಗುರ್ತು ಹಿಡೀತಾಳ" ಎಂದ ಪಕ್ಕೀರಪ್ಪ. ಅವನಿಗೆ ನಲವತ್ತೆಂಟು ವರ್ಷ.

ಪಾಲಯ್ಯ ಪೆಟ್ಟಿಗೆಯಿಂದ ಬಿಳಿ ಹಾಳೆ ತೆಗೆದು, ಹತ್ತು ಹೆಸರು ಬರೆದರು. ಹೋಗುವಾಗ ಕೂದಲು ಇತ್ತು, ಬರುವಾಗ ಇಲ್ಲ, ಆದರೂ ಇವರು ಇವರೇ. ಸುಳ್ಳಾದರೆ ನನ್ನನ್ನು ಹಿಡಿಯತಕ್ಕದ್ದು ಎಂದು ಬರೆದು ಸಹಿ ಹಾಕಿದರು. ಒಬ್ಬ ಸುಳ್ಳಾದರೂ ಈ ಕಡವಿಗೆ ಅವರು ಕಾಲಿಡುವಂತಿರಲಿಲ್ಲ, ಪೆಟ್ಟಿಗೆ ಮರಿಬಸಪ್ಪನವರಿಗೆ ವಾಪಸು ಹೋಗುತ್ತಿತ್ತು. ಜಮಾದಾರರು ಹಾಳೆಯನ್ನು ಎರಡು ಸಲ ಓದಿ, ಹತ್ತು ಠಸ್ಸೆ ಒತ್ತಿದರು. ಹೊತ್ತು ಮುಳುಗುವಷ್ಟರಲ್ಲಿ ಎಲ್ಲರೂ ಈಚೆ ದಂಡೆಯಲ್ಲಿದ್ದರು.

"ಹೆದರಿಕಿ ಆಗಲಿಲ್ಲೇನು?" ಎಂದು ಕೇಳುತ್ತೇನೆ.

"ಮೂರು ವಾರ ಅನ್ನ ಇಳೀಲಿಲ್ಲ. ಎಲ್ಲಾರ ಮಕ ನನಗ ಗೊತ್ತಿತ್ತು ಖರೆ. ಆದ್ರ ಬೋಳಿಸಿದ ಮ್ಯಾಲ ನನಗೂ ಒಂದೆರಡು ಅನುಮಾನ ಇತ್ತು."

ಯಾವ ದೂರೂ ಬರಲಿಲ್ಲ. ತೊಂದರೆಯಾದದ್ದು ಪಕ್ಕೀರಪ್ಪನಿಗೆ ಮಾತ್ರ. ಕುರುಗೋಡಿನಲ್ಲಿ ಹೆಂಡತಿ ಅವನನ್ನು ಅರ್ಧ ತಾಸು ಹೊಸ್ತಿಲಾಚೆ ನಿಲ್ಲಿಸಿ, ಚೀಟಿ ತೋರಿಸಿದ ಮೇಲೆ ಒಳಗೆ ಬಿಟ್ಟಳಂತೆ. ಪಾಲಯ್ಯ ಅಂದಿನಿಂದ ಮಚ್ಚೆ, ಗಾಯದ ಕಲೆ, ಮುರಿದ ಹಲ್ಲು ಮಾತ್ರ ಬರೆಯುತ್ತಾರೆ. ಕತ್ತಿಗೆ ಸಿಗುವ ಯಾವುದನ್ನೂ ಬರೆಯುವುದಿಲ್ಲ.

ಈಗ ಬಿಸಿಲು ಏರಿದೆ. ಹರಿಗೋಲುಗಳು ನೀರಿಗಿಳಿದಿವೆ. ಪಾಲಯ್ಯ ಮೂರನೆಯ ಸಲ ತಲೆ ಎಣಿಸುತ್ತಿದ್ದಾರೆ. ಇಷ್ಟು ಸಲ ಹೊಳೆ ದಾಟಿದವರು ಆ ಗುಡಿಯನ್ನು ಒಮ್ಮೆಯೂ ಕಂಡಿಲ್ಲ. ಜನ ದರ್ಶನಕ್ಕೆ ಹೋದಾಗ ಪೆಟ್ಟಿಗೆಯ ಜೊತೆ ನಾಕಾದ ಬಾಗಿಲಲ್ಲೇ ಕೂತಿರಬೇಕು. ಆಸೆ ಇಲ್ಲವೇ ಎಂದರೆ ಇದೆ ಎನ್ನುತ್ತಾರೆ.

"ಒಂದು ಸಲ ನಾನೂ ಮಂದಿಯಂಗ ಕೈ ಬೀಸಿಕೊಂತ ಗುಡಿಗೆ ಹೋಗಬೇಕು. ನನ್ನ ಚೀಟಿ ಬ್ಯಾರೇದೋರು ಹಿಡಕೊಂಡಿರಬೇಕು."

"ಯಾರ ಕೈಗೆ ಕೊಡ್ತೀರಿ?"

"ಉಚ್ಚೆಂಗೆಮ್ಮಗ ಕೊಡಬೇಕು ಅಂತ ಐತಿ. ಆಕಿ ಕೈಗೆ ಕೊಟ್ಟದ್ದು ಕಳಿಯಂಗಿಲ್ಲ." ಕೊನೆಯ ಹರಿಗೋಲಿಗೆ ಕಾಲಿಡುತ್ತ ಸೇರಿಸುತ್ತಾರೆ: "ತಿರುಗಿ ಕೊಡ್ತಾಳ ಅನ್ನಾಕ ಮಾತ್ರ ಬರಂಗಿಲ್ಲ."