ಒಂಬತ್ತನೆಯ ಶುಕ್ರವಾರದ ಗಂಜಿ

ಐವತ್ತರ ದಶಕದ ಮೊದಲ ವರ್ಷಗಳು. ಅಪ್ಪನಿಗೆ ಮದರಾಸಿನ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ಕೋಲಾರದ ಕಡೆಯಿಂದ ಬಂದ ನಮಗೆ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನನಗಾಗ ಹದಿನೈದಿರಬಹುದು. ಸಂತಳಾಗಬೇಕೆಂಬ ಆಸೆ ಹಿಡಿದಿತ್ತು. ದಾರಿಯನ್ನೂ ಚರ್ಚಿನ ಉಪದೇಶದ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಒಂಬತ್ತು ತಿಂಗಳು ಬಿಡದೆ ತಿಂಗಳ ಮೊದಲ ಶುಕ್ರವಾರದ ಪೂಜೆಗೆ ಹೋಗಿ ಪರಮಪ್ರಸಾದ ತೆಗೆದುಕೊಂಡವರಿಗೆ ಯೇಸುವಿನ ಕೃಪೆಯಿಂದ ಒಳ್ಳೆಯ ಮರಣ ಸಿಗುತ್ತದೆ. ಒಂದು ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಸಬೇಕು. ಆಗಿನ ನಿಯಮದಂತೆ ಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದ ಬಾಯಿಗೆ ಒಂದು ಗುಟುಕು ನೀರೂ ಹಾಕುವಂತಿರಲಿಲ್ಲ.

"ಸಾಯೋ ವಯಸ್ಸು ನಂದು, ಅವಸರ ನಿಂದು" ಎಂದು ಅಜ್ಜಿ ನಗುತ್ತಿದ್ದಳು.

ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ, ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಒಮ್ಮೆ ಬಿಸಿ ಗಂಜಿಗೆ ನಾಲಿಗೆ ಸುಟ್ಟುಕೊಂಡಿದ್ದಳು. ಅಂದಿನಿಂದ, ಕುಡಿಸುವವರು ಮೊದಲು ಒಂದು ಚಮಚ ತಾವು ಕುಡಿಯಬೇಕು. ಆ ಸದ್ದು ಕೇಳಿದ ಮೇಲೆಯೇ ಅವಳು ಬಾಯಿ ತೆರೆಯುವುದು. ದಿನವೂ ಇದು ನನ್ನ ಕೆಲಸ. ಮೊದಲ ಶುಕ್ರವಾರಗಳಂದು ಮಾತ್ರ ಅಮ್ಮನದು.

ಒಂಬತ್ತನೆಯ ಶುಕ್ರವಾರ ಬೀದಿ ಕೊಳಾಯಿಯಲ್ಲಿ ನೀರು ತಡವಾಗಿ ಬಂತು. ಅಮ್ಮ ಸಾಲಿನಲ್ಲಿ ಸಿಕ್ಕಿಕೊಂಡಳು. ಒಳಗೆ ಅಜ್ಜಿ ಮುಲುಗಿದಳು.

"ಹಸಿವಿಗೆ ಹೊಟ್ಟೆ ಸಂಕಟ ಆಗ್ತದೆ ಕಣೇ."

ರಾಗಿ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ ಊದಿದೆ. ಬಟ್ಟಲನ್ನು ಕೆನ್ನೆಗೆ ಒತ್ತಿ ನೋಡಿದೆ.

"ಆರಿದೆ ಅಜ್ಜಿ."

"ಕೆನ್ನೆಗೇನು ಗೊತ್ತು? ಕುಡಿ, ಕೇಳ್ತೀನಿ."

"ಅಮ್ಮ ಈಗ ಬರ್ತಾಳೆ, ಸ್ವಲ್ಪ ತಡಿ."

ಅವಳು ತುಟಿ ಬಿಗಿದುಕೊಂಡಳು. ಅವಳಿಗೆ ಎಲ್ಲ ದಿನವೂ ಒಂದೇ, ಶುಕ್ರವಾರದ ನೆನಪಿರಲಿಲ್ಲ. ಹೊದಿಕೆಯ ಮೇಲಿಂದ ಅವಳ ಕೈ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು. ಚರ್ಚಿನ ಮೊದಲ ಗಂಟೆ ಹೊಡೆಯಿತು. ಆ ಕೈಯನ್ನೇ ನೋಡುತ್ತ ಒಂದು ಚಮಚ ಗಂಜಿ ಸದ್ದಾಗುವಂತೆ ಕುಡಿದೆ. ಅಜ್ಜಿ ಬಾಯಿ ತೆರೆದಳು.

ಅಮ್ಮ ಕೊಡ ಹೊತ್ತು ಬಂದಾಗ ಬಟ್ಟಲು ಖಾಲಿಯಾಗಿತ್ತು.

"ಕುಡಿದ್ಯಾ?"

"ಹೂಂ."

ಅವಳು ಕೊಡ ಇಳಿಸಿ, ನನ್ನ ತಲೆಯ ಮುಸುಕು ಸರಿಮಾಡಿದಳು. "ಆದ್ರೂ ಹೋಗು. ಸುಮ್ಮನೆ ಕೂತು ಬಾ."

ಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದರು. ನಾನು ಏಳಲಿಲ್ಲ. ಪಕ್ಕದ ಮನೆಯ ಗೆಳತಿ ಮೊಣಕೈಯಿಂದ ತಿವಿದು ತಮಿಳಿನಲ್ಲಿ ಪಿಸುಗುಟ್ಟಿದಳು. "ಏನ್‌ಡೀ, ನಿನ್ನೆ ಸಂಜೆ ತಾನೇ ಪಾಪನಿವೇದನೆ ಮಾಡಿದೆ. ರಾತ್ರೋರಾತ್ರಿ ಎಂಥ ಪಾಪ ಕಟ್ಟಿಕೊಂಡೆ?"

"ಗಂಜಿ ಕುಡಿದೆ."

ಅವಳು ಮುಸುಕನ್ನು ಬಾಯಿಗೆ ಒತ್ತಿಕೊಂಡು, ನಗು ತಡೆಯುತ್ತ ಹೋದಳು. ಬೆಂಚಿನಲ್ಲಿ ನಾನೊಬ್ಬಳೇ ಉಳಿದೆ. ದಂಡವಾದ ಎಂಟು ತಿಂಗಳನ್ನು ಬೆರಳು ಮಡಿಸಿ ಎಣಿಸಿದೆ. ಬಾಯಲ್ಲಿ ರಾಗಿಯ ರುಚಿ ಇನ್ನೂ ಇತ್ತು.

ಮನೆಗೆ ಬರುವಷ್ಟರಲ್ಲಿ ಅಮ್ಮ ಹೇಳಿಬಿಟ್ಟಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದಳು ಅಜ್ಜಿ.

"ಹೇಳಿದ್ರೆ ಬಾಯಿ ತೆರೀತಿದ್ಯಾ?"

ಅಜ್ಜಿ ಯೋಚಿಸಿ, "ಇಲ್ಲ" ಎಂದಳು.

ಮುಂದಿನ ತಿಂಗಳ ಮೊದಲ ಶುಕ್ರವಾರವೂ ಅಮ್ಮ ಕೊಳಾಯಿಯ ಹತ್ತಿರ, ನಾನು ಬಟ್ಟಲು ಹಿಡಿದು ಅಜ್ಜಿಯ ಹತ್ತಿರ. ಊದಿದೆ, ಕೆನ್ನೆಗೆ ಒತ್ತಿದೆ, ಅಮ್ಮ ಬಂದಳೇ ಎಂದು ಬಾಗಿಲ ಕಡೆ ನೋಡಿದೆ. ಅಜ್ಜಿ ತಡವಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಕೆನ್ನೆ ಏನಂತದೆ?"

"ಆರಿದೆ ಅಂತದೆ."

ಕಾಣದ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ, ಅಜ್ಜಿ ಬಾಯಿ ತೆರೆದಳು. ನಾನು ಚಮಚವನ್ನು ಇನ್ನೊಂದು ಸಲ ಊದಿದೆ.