ನೆಲಕ್ಕಿಳಿದ ನಕ್ಷೆ, ಸುಣ್ಣದಕ್ಕನ ಗೆರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಖಾಲಿ ಬಯಲಿನ ನಡುವೆ ಒಬ್ಬ ಹೆಂಗಸು ಬಗ್ಗಿಕೊಂಡು ಹಿಮ್ಮುಖವಾಗಿ ನಡೆಯುತ್ತಿದ್ದಾರೆ. ಕೈಯಲ್ಲಿ ತಳಕ್ಕೆ ತೂತು ಕೊರೆದ ಡಬ್ಬಿ. ಅಲುಗಿಸಿದಂತೆಲ್ಲ ಸುಣ್ಣದ ಪುಡಿ ಉದುರಿ, ಬಿಗಿದು ಕಟ್ಟಿದ ದಾರದ ಗುಂಟ ಬಿಳಿ ಗೆರೆ ಮೂಡುತ್ತದೆ. ಒಂದು ಗೆರೆ ತಿರುಗಿ ರಸ್ತೆಯಾಗುತ್ತದೆ, ಇನ್ನೊಂದು ಸುತ್ತಿ ಬಂದು ಮನೆಯಾಗುತ್ತದೆ. ವಾಕಿಂಗಿಗೆ ಬಂದ ಇಬ್ಬರು ಹಿರಿಯರು ಮಾತಿನ ಭರದಲ್ಲಿ ಗೆರೆ ದಾಟಿ ಒಳಗೆ ಬಂದುಬಿಡುತ್ತಾರೆ.

"ಅಣ್ಣಾ, ನೀವೀಗ ಯಾರದೋ ಅಡುಗೆಮನೇಲಿ ನಿಂತಿದೀರಿ. ಬಾಗಿಲು ಆ ಕಡೆ ಇದೆ."

ಹಿರಿಯರಿಬ್ಬರೂ ನಗುತ್ತಾ, ಆ ಇಲ್ಲದ ಬಾಗಿಲಿನಿಂದಲೇ ಹೊರಗೆ ಹೋಗುತ್ತಾರೆ.

ಇಲ್ಲೊಂದು ಬಡಾವಣೆ ಬರಲಿದೆ. ಕಟ್ಟುವ ಮೊದಲೇ ಅದರ ನಕ್ಷೆಯನ್ನು ನಿಜವಾದ ಅಳತೆಯಲ್ಲಿ ನೆಲದ ಮೇಲೆ ಬಿಡಿಸಿ, ಅಕ್ಕಪಕ್ಕದವರನ್ನು ಕರೆದು ಅದರೊಳಗೆ ಓಡಾಡಿಸುವುದು ಈಕೆಯ ಕೆಲಸ. ಬಡಾವಣೆಗಳ ವಿನ್ಯಾಸ ಮಾಡುವ ಒಂದು ಸಣ್ಣ ಕಚೇರಿಯ ನೌಕರೆ. ಸುತ್ತಮುತ್ತ ಎಲ್ಲರ ಬಾಯಲ್ಲೂ 'ಸುಣ್ಣದಕ್ಕ'. ಮಗಳಿಗೆ ಮಾತ್ರ ಈ ಕೆಲಸವೇ ತಮಾಷೆ. "ನಮ್ಮಮ್ಮ ಬೆಳಗಾಗೋದ್ರೊಳಗೆ ಒಂದು ಊರೇ ಕಟ್ತಾಳೆ, ಸಂಜೆ ಮಳೆ ಬಂದ್ರೆ ಎಲ್ಲಾ ಚರಂಡಿಗೆ" ಎಂದು ಗೆಳತಿಯರೆದುರು ಹೇಳಿ ನಗಿಸುತ್ತಾಳಂತೆ.

ಮೊದಲು ಆಕೆ ಹೀಗೆ ಬಿಸಿಲಿಗೆ ಬಿದ್ದವರಲ್ಲ. ಅದೇ ಕಚೇರಿಯ ಮೂಲೆಯ ಮೇಜಿನಲ್ಲಿ ಕೂತು ವರ್ಷಗಟ್ಟಲೆ ನಕ್ಷೆ ಬರೆದವರು. ಮೊದಲು ಶಾಯಿಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಆಗ ಪ್ರತಿ ನಕ್ಷೆಯೂ ಸರ್ಕಾರಿ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಒಬ್ಬರು ರಸ್ತೆ ಅಗಲ ಮಾಡಿ ಎನ್ನುವರು, ಇನ್ನೊಬ್ಬರು ಪಾರ್ಕು ಆಚೆ ಸರಿಸಿ ಎನ್ನುವರು. ಪ್ರತಿ ಸಲವೂ ಹೊಸದಾಗಿ ಬರೆಯಬೇಕು. ಆ ಅಲೆದಾಟವೇ ಇವರ ಮನೆಯ ಒಲೆ ಉರಿಸುತ್ತಿತ್ತು.

ಯೋಜನಾ ಕಾನೂನು ಬದಲಾದಾಗ ಅದೆಲ್ಲ ನಿಂತಿತು. ಅರ್ಜಿ ಆನ್‌ಲೈನ್ ಆಯಿತು. ಅಳತೆ ಕೊಟ್ಟರೆ ಸಾಫ್ಟ್‌ವೇರೇ ನಿಯಮಕ್ಕೆ ತಕ್ಕ ನಕ್ಷೆ ಜೋಡಿಸಿಕೊಡುತ್ತದೆ. ಜೊತೆಗಿದ್ದ ಇಬ್ಬರು ನಕ್ಷೆಕಾರರು ಬೇರೆ ಕೆಲಸ ಹುಡುಕಿಕೊಂಡು ಹೋದರು. ಒಬ್ಬರು ಈಗ ಗಾಜಿನಂಗಡಿಯಲ್ಲಿದ್ದಾರೆ. "ನಂಗೂ ಇವತ್ತೋ ನಾಳೆನೋ ಅಂತ ಇತ್ತು. ಮನೇಲಿ ಹೇಳಿರಲಿಲ್ಲ. ಅತ್ತೆ ನನ್ನ ಮುಖ ನೋಡಿಯೇ ಕಂಡುಹಿಡಿದ್ರು. 'ಏನೇ, ಊಟ ಗಂಟಲಲ್ಲಿ ಇಳೀತಿಲ್ಲ?' ಅಂದ್ರು. ಅಳು ಬಂದ್ಬಿಡ್ತು" ಎನ್ನುತ್ತಾರೆ ಸುಣ್ಣದಕ್ಕ.

ಅದೇ ಕಾನೂನು ಕಚೇರಿಯ ಯಜಮಾನರ ತಲೆಯ ಮೇಲೂ ಒಂದು ಭಾರ ಹೊರಿಸಿತ್ತು. ಇನ್ನು ಮೇಲೆ ಅಧಿಕಾರಿಗಳು ಜಾಗಕ್ಕೆ ಬಂದು ತಪಾಸಣೆ ಮಾಡುವುದಿಲ್ಲ. ನಕ್ಷೆಗೆ ಸಹಿ ಹಾಕಿದ ವಿನ್ಯಾಸಕಾರರೇ ಹೊಣೆ, ತಪ್ಪಾದರೆ ಲೈಸೆನ್ಸ್ ಹೋಗುತ್ತದೆ. ಅರ್ಜಿ ಹಾಕುವ ಮುನ್ನ ಅಕ್ಕಪಕ್ಕದವರಿಗೆ ನಕ್ಷೆ ತೋರಿಸಿ, ಅವರ ಅಭಿಪ್ರಾಯ ಪಡೆಯಲೇಬೇಕು. ಯಜಮಾನರು ಶಾಲೆಯೊಂದರ ಹಾಲ್‌ನಲ್ಲಿ ಸಭೆ ಕರೆದರು. ಜನ ಬಂದರು, ಗೋಡೆಯ ಮೇಲಿನ ನಕ್ಷೆ ನೋಡಿ ತಲೆಯಾಡಿಸಿದರು, ಟೀ ಕುಡಿದು ಹೋದರು. ಕಾಂಪೌಂಡು ಏಳತೊಡಗಿದ ಮೇಲೆ ತಕರಾರು ಶುರುವಾಗಿ ಕೆಲಸ ನಿಂತಿತು.

"ಎಲ್ಲರೂ ಹೂಂ ಅಂದ್ರಲ್ಲಮ್ಮಾ" ಎಂದು ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ಅವರಿಗೆ ಅರ್ಥ ಆಗಿರಲಿಲ್ಲ ಸಾರ್. ಅಷ್ಟು ಜನರ ಎದುರಿಗೆ ಅರ್ಥ ಆಗ್ಲಿಲ್ಲ ಅಂತ ಯಾರು ಹೇಳ್ತಾರೆ? ಮುಂದಿನ ಸಲ ನೆಲದ ಮೇಲೇ ಬರೆದು ತೋರಿಸೋಣ."

ಮೊದಲ ಪ್ರಯತ್ನದಲ್ಲೇ ದೊಡ್ಡದೊಂದು ಸಂಗತಿ ಹೊರಬಿತ್ತು. ಬೆಳಗ್ಗೆ ಗೆರೆ ಹಾಕುತ್ತಿದ್ದಾಗ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೊರಟ ಹೆಂಗಸರ ಗುಂಪೊಂದು ಬಯಲನ್ನು ಅಡ್ಡಹಾಯ್ದು ಬಂತು. ಗೆರೆಗಳನ್ನು ನೋಡಿ ನಿಂತರು. ಸುಣ್ಣದಕ್ಕ ವಿವರಿಸಿದರು: ಇದು ಹಜಾರ, ಇದು ಮಲಗುವ ಕೋಣೆ, ಆಚೆಗೆ ಕಾಂಪೌಂಡು.

"ಅಲ್ಲ ಕಣಕ್ಕಾ, ಹಾಗಾದ್ರೆ ನಮ್ಮ ದಾರಿ?" ಗುಂಪಿನ ಮುಂದಿದ್ದಾಕೆ ಕೇಳಿದರು. "ಇಲ್ಲಿಂದ ಹೋದ್ರೆ ಬಸ್ಸು ಸಿಗತ್ತೆ. ಸುತ್ತಿ ಹೋದ್ರೆ ತಪ್ಪತ್ತೆ. ತಡವಾದ್ರೆ ಗೇಟು ಹಾಕಿಬಿಡ್ತಾರೆ."

ಆ ಕಾಲುದಾರಿ ಯಾವ ದಾಖಲೆಯಲ್ಲೂ ಇರಲಿಲ್ಲ. ಸರ್ವೆ ಮಾಡಿದವರೂ ಗುರುತು ಹಾಕಿರಲಿಲ್ಲ. "ನಾನೂ ಅದನ್ನ ನೋಡಿದ್ದೆ. ಆಡು ಓಡಾಡಿ ಬಿದ್ದ ಜಾಡು ಅಂದ್ಕೊಂಡಿದ್ದೆ" ಎನ್ನುತ್ತಾರೆ ಸುಣ್ಣದಕ್ಕ.

ಯಜಮಾನರಿಗೆ ಹೇಳಿದಾಗ ಅವರು ಸಿಡಿಮಿಡಿಗೊಂಡರು. ಅವರ ಸಿಟ್ಟಿಗೂ ಅರ್ಥವಿತ್ತು. ದಾರಿ ಬಿಟ್ಟರೆ ಮೂರು ಸೈಟುಗಳ ಆಕಾರ ಕೆಡುತ್ತದೆ, ಜಾಗದ ಮಾಲೀಕರು ಒಪ್ಪುವುದಿಲ್ಲ, ಅರ್ಜಿ ತಿಂಗಳುಗಟ್ಟಲೆ ಹಿಂದೆ ಬೀಳುತ್ತದೆ. ಆದರೂ ಮರುದಿನ ಬೆಳಗ್ಗೆ ಮಾಲೀಕರನ್ನು ಕಾರಿನಲ್ಲಿ ಕರೆತಂದವರೂ ಅವರೇ. ಇಬ್ಬರೂ ಗೆರೆಗಳ ಪಕ್ಕ ನಿಂತಿದ್ದಾಗಲೇ ಹೆಂಗಸರು ಊಟದ ಡಬ್ಬಿ ಹಿಡಿದು ಸರಸರನೆ ನಡೆದುಹೋದರು. ಅದನ್ನು ನೋಡಿ ಮಾಲೀಕರು, "ಇವರನ್ನ ತಡೆಯೋಕಾಗತ್ತೇನ್ರೀ? ಗೋಡೆ ಕಟ್ಟಿದ್ರೆ ಒಡೀತಾರೆ. ದಾರಿ ಬಿಡಿ" ಎಂದರು.

ಈಗ ಅಲ್ಲೊಂದು ಕಲ್ಲು ಹಾಸಿದ ಓಣಿಯಿದೆ. ಸೊಟ್ಟಗಾದ ಸೈಟುಗಳಲ್ಲಿ ಒಂದನ್ನು ಇವತ್ತಿಗೂ ಯಾರೂ ಕೊಂಡಿಲ್ಲ. ಮಾಲೀಕರು ಎದುರು ಸಿಕ್ಕಾಗಲೆಲ್ಲ "ನಿನ್ನ ಸೈಟು ಹಾಗೇ ಬಿದ್ದಿದೆ ನೋಡಮ್ಮಾ" ಎಂದು ಕೆಣಕದೆ ಬಿಡುವುದಿಲ್ಲ.

ಎಲ್ಲ ಕಡೆಯೂ ಹೀಗೆ ಸುಖಾಂತ್ಯವಾಗಿಲ್ಲ. ಇನ್ನೊಂದು ಜಾಗದಲ್ಲಿ ನಿವೃತ್ತ ಕಂಡಕ್ಟರೊಬ್ಬರು ಗೆರೆಗಳ ನಡುವೆ ಓಡಾಡಿ, ನನ್ನದೇನೂ ತಕರಾರಿಲ್ಲ ಎಂದು ಸಹಿ ಹಾಕಿದರು. ಪಕ್ಕದಲ್ಲಿ ಹೊಸ ಮನೆ ಎದ್ದಾಗ ಅವರ ಕೋಣೆಯ ಕಿಟಕಿಗೆ ಬರುತ್ತಿದ್ದ ಬೆಳಕೆಲ್ಲ ಹೋಯಿತು. ನೇರ ಕಚೇರಿಗೇ ಬಂದರು. "ಸುಣ್ಣಕ್ಕೆ ಎತ್ತರ ಇರಲ್ವಲ್ಲಮ್ಮಾ! ಗೋಡೆಗೆ ಇರತ್ತೆ!" ಎಂದು ಕೂಗಾಡಿದರು. ಆ ಕೋಣೆಯಲ್ಲಿ ಈಗಲೂ ಹಗಲು ದೀಪ ಹಾಕಬೇಕು, ಕಂಡಕ್ಟರು ಈಗಲೂ ಸುಣ್ಣದಕ್ಕನನ್ನು ಮಾತಾಡಿಸುವುದಿಲ್ಲ. ಅಂದಿನಿಂದ ಈಕೆ ಪ್ರತಿ ಮೂಲೆಗೂ ಉದ್ದನೆಯ ಬಿದಿರು ನೆಟ್ಟು, ಗೋಡೆ ಎಲ್ಲಿಯವರೆಗೆ ಏಳುತ್ತದೋ ಅಲ್ಲಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. "ಈಗ ಜನ ಮೊದಲು ನೆಲ ನೋಡಲ್ಲ, ಮೇಲೆ ನೋಡ್ತಾರೆ. ಅವರು ಬೈದಿದ್ದು ಸರಿಯಾಗೇ ಇತ್ತು."

ಕೆಲಸ ಸಲೀಸಲ್ಲ. ಸುಣ್ಣ ತಾಗಿ ಬೆರಳ ಸಂದುಗಳು ಬಿರಿಯುತ್ತವೆ, ಮಲಗುವಾಗ ಅತ್ತೆ ಎಣ್ಣೆ ಹಚ್ಚುತ್ತಾರೆ. ಗಾಳಿ ಜೋರಾದರೆ ಅರ್ಧ ಬಡಾವಣೆ ಹಾರಿಹೋಗುತ್ತದೆ. ಸಾಲದ್ದಕ್ಕೆ, ಕಾನೂನಿಗೆ ಮತ್ತೆ ತಿದ್ದುಪಡಿ ಬರುತ್ತದೆಂಬ ಸುದ್ದಿಯಿದೆ. ಅಕ್ಕಪಕ್ಕದವರನ್ನು ಕೇಳುವುದರಿಂದ ತಡವಾಗುತ್ತದೆ, ಆ ನಿಯಮ ತೆಗೆಯಿರಿ ಎಂದು ಬಿಲ್ಡರುಗಳು ಪಟ್ಟು ಹಿಡಿದಿದ್ದಾರೆ.

ತೆಗೆದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಡಬ್ಬಿ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡರು.

"ಭಯ ಇಲ್ಲ ಅಂದ್ರೆ ಸುಳ್ಳಾಗತ್ತೆ. ಆದ್ರೆ ಮೊನ್ನೆ ಒಂದು ಮನೆಯವರು ಫೋನ್ ಮಾಡಿದ್ರು. ಅವರ ಕೆಲಸಕ್ಕೂ ಈ ಕಾನೂನಿಗೂ ಸಂಬಂಧಾನೇ ಇಲ್ಲ. ಅಣ್ಣ ತಮ್ಮ, ಇಬ್ಬರಿಗೂ ಒಂದೇ ಹಿತ್ತಲು. ತಮ್ಮ ಅಲ್ಲೊಂದು ರೂಮು ಕಟ್ಟಬೇಕು ಅಂತಾನೆ, ಅಣ್ಣ ಬೇಡ ಅಂತಾನೆ. ಒಂದು ವರ್ಷದಿಂದ ಮಾತಿಲ್ಲ. 'ಅಕ್ಕಾ, ಬಂದು ಗೆರೆ ಹಾಕಿ ತೋರಿಸ್ತೀರಾ?' ಅಂತ ಕೇಳಿದ್ದು ಅವರಮ್ಮ. ಹೋಗಿ ಹಾಕಿಕೊಟ್ಟೆ. ಇಬ್ಬರೂ ಒಳಗೆ ಬಂದು ನಿಂತ್ರು. 'ಇಷ್ಟೇನಾ?' ಅಂದ ಅಣ್ಣ. 'ಇಷ್ಟೇ ಕಣೋ, ನಾನು ಅವತ್ತಿಂದ ಹೇಳ್ತಿರೋದು' ಅಂದ ತಮ್ಮ. ಆಮೇಲೆ ಕಟ್ಟಿದ್ರೋ ಬಿಟ್ರೋ ನಂಗೊತ್ತಿಲ್ಲ. ನಾನು ಕೈ ತೊಳೆದು ಹೊರಡೋವಾಗ ಇಬ್ಬರೂ ಅಲ್ಲೇ ಕೂತು ಮಾತಾಡ್ತಾ ಇದ್ರು."